ಒಲೆ ಆರಿದ ಮೇಲಿನ ಒಂದು ತಾಸು

ರೊಟ್ಟಿ ಬಡಿಯುವಾಗ ಮುಖ ಉರಿಯುತ್ತದೆ ಎಂದು ಸುಧಾರಾಣಿ ಮೊದಲು ಹೇಳಿದ್ದು ಗಂಡನಿಗಲ್ಲ, ಪಕ್ಕದ ಮನೆಯ ದಿಲ್ಶಾದಳಿಗೆ. ದಿಲ್ಶಾದ ಹಂಸಭಾವಿಯ ಹೆಂಗಸರಿಗೆ ಜಂಪರು ಹೊಲಿದುಕೊಡುತ್ತಿದ್ದಳು. ಅಳತೆ ತೆಗೆಯುತ್ತಿದ್ದವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಸುಧಾರಾಣಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು.

“ಸುಧಕ್ಕಾ, ನಿಮ್ಮ ಗಲ್ಲದ ಮ್ಯಾಲ ಕೂದಲ ಬಂದಾವು. ಮೊದಲ ಇದ್ದಿದ್ದಿಲ್ಲ.”

“ವಯಸ್ಸಾತಲ್ಲ.”

“ನಲವತ್ತೊಂದಕ್ಕ ಏನ ವಯಸ್ಸರಿ? ಮತ್ತ ಈ ಕೆಂಪು? ಒಳಗಿನ ಸಣ್ಣ ಸಣ್ಣ ನರ ಸೈತ ಕಾಣಾಕತ್ತಾವು. ಹಾನಗಲ್ಲಾಗ ಒಬ್ಬರು ಲೇಡಿ ಡಾಕ್ಟರು ಅದಾರ, ಚರ್ಮದ್ದಷ್ಟ ನೋಡತಾರ. ಹೋಗಿ ಬರ್ರಿ.”

ಸುಧಾರಾಣಿಯ ಗಂಡ ಬಸವೇಶನದು ಪೈಪು, ಮೋಟಾರು ಮಾರುವ ಅಂಗಡಿ. ಮನೆಯಲ್ಲಿ ಅತ್ತೆ ವೀರವ್ವ, ಮಾವ ಚನ್ನವೀರಪ್ಪ, ಪಿಯುಸಿ ಓದುತ್ತಿದ್ದ ಮಗಳು ಪೂಜಾ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ದವಾಖಾನೆಗೆ ಹೋಗುತ್ತೇನೆಂದರೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಏನಾಗಿದೆ ಎಂದು ಕೇಳುತ್ತಿದ್ದರು. ಹಾಗಾಗಿ ಅವಳು ತವರೂರು ಆಡೂರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟು, ದಾರಿಯಲ್ಲಿ ಹಾನಗಲ್ಲಿನಲ್ಲಿ ಇಳಿದಳು.

ಡಾಕ್ಟರ್ ಮೃಣಾಲಿನಿ ಐವತ್ತು ದಾಟಿದವರು. ಕನ್ನಡಕ ಹಣೆಗೇರಿಸಿ, ದೊಡ್ಡ ಭೂತಗನ್ನಡಿ ಹಿಡಿದು ಮುಖ ನೋಡಿದರು.

“ಏನು ಹಚ್ಚಲಿಕ್ಹತ್ತೀರಿ?”

“ಏನಿಲ್ರಿ. ಮನೀದ ಕಡ್ಲಿಹಿಟ್ಟು, ಹಾಲಿನ ಕೆನಿ.”

“ಕಡ್ಲಿಹಿಟ್ಟಿನಿಂದ ಹಿಂಗ ಆಗೂದಿಲ್ಲ. ನಾ ಯಾರಿಗೂ ಹೇಳೂದಿಲ್ಲ. ಎಷ್ಟ ವರ್ಷ ಆತು?”

ಸುಧಾರಾಣಿ ಚೀಲದ ತಳದಿಂದ ಕರ್ಚೀಪಿನಲ್ಲಿ ಸುತ್ತಿದ್ದ ಟ್ಯೂಬನ್ನು ತೆಗೆದು ಮೇಜಿನ ಮೇಲಿಟ್ಟಳು.

“ಹನ್ನೊಂದು.”

ಹನ್ನೊಂದು ವರ್ಷದ ಹಿಂದೆ ಶಿಗ್ಗಾಂವಿಯಲ್ಲಿ ವೀರವ್ವನ ನೆಂಟರ ಮದುವೆ ಇತ್ತು. ಸುಧಾರಾಣಿ ಪಂಕ್ತಿಗೆ ಅನ್ನದ ಬುಟ್ಟಿ ಹೊತ್ತು ಓಡಾಡುತ್ತಿದ್ದಳು. ವೀರವ್ವನ ಪಕ್ಕ ಕುಳಿತಿದ್ದ ಮುದುಕಿಯೊಬ್ಬಳು, “ಈಕಿ ಕೆಲಸದಾಕಿ ಚುರುಕ ಅದಾಳ. ಎಲ್ಲಿಂದ ಹಚಗೊಂಡ್ರಿ?” ಎಂದು ಕೇಳಿದ್ದು ಅವಳ ಕಿವಿಗೇ ಬಿತ್ತು. ವೀರವ್ವ ಸೆರಗು ಸರಿಮಾಡಿಕೊಂಡಳು, ಉತ್ತರ ಕೊಡಲಿಲ್ಲ. ಮರುವಾರ ಸುಧಾರಾಣಿ, ಬಣ್ಣ ತಿಳಿಯಾಗುತ್ತದೆಂದು ಯಾರೋ ಹೇಳಿದ ಟ್ಯೂಬನ್ನು ಔಷಧದ ಅಂಗಡಿಯಿಂದ ತಂದಳು. ಮೂರೇ ವಾರದಲ್ಲಿ ಮುಖ ತಿಳಿಯಾಯಿತು. ಆರು ತಿಂಗಳಿಗೆ ನೋಡಿದವರೆಲ್ಲ “ಏನ ಚಲೋ ಆಗೀಯವಾ” ಎನ್ನತೊಡಗಿದರು. ವೀರವ್ವನೂ ಎಂದಳು. ದಿನಾ ಎಲ್ಲರೂ ಮಲಗಿದ ಮೇಲೆ ಬಚ್ಚಲಿನಲ್ಲಿ ನಿಂತು ಕಡಲೆಕಾಳಿನಷ್ಟು ಹಚ್ಚಿಕೊಳ್ಳುವುದು ಅವಳಿಗೆ ರೂಢಿಯಾಯಿತು.

ಡಾಕ್ಟರು ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ಕೆಳಗಿಟ್ಟರು. “ಇದು ಬಣ್ಣದ ಕ್ರೀಮ ಅಲ್ಲರಿ. ಇದರಾಗ ಸ್ಟೀರಾಯ್ಡ್ ಅದ. ಗಾಯಕ್ಕ, ತುರಿಕಿಗೆ ನಾಕ ದಿನ ಹಚ್ಚೂದು. ನೀವು ಮುಖದ ತೊಗಲು ಈರುಳ್ಳಿ ಸಿಪ್ಪಿ ಮಾಡಿಕೊಂಡೀರಿ. ಇವತ್ತಿಗೆ ಬಿಡಬೇಕು. ಬಿಟ್ಟ ಮ್ಯಾಲ ಮೊದಲ ಇನ್ನೂ ಕೆಡತದ. ಉರೀತದ, ಬಾತುಕೋತದ, ಗುಳ್ಳಿ ಏಳತಾವ. ಅದಕ್ಕ ಗುಳಿಗಿ ಕೊಡತೀನಿ, ಹಚ್ಚಲಿಕ್ಕೆ ಬ್ಯಾರೆ ಮುಲಾಮು ಕೊಡತೀನಿ. ಆದರ ಹೆದರಿ ಮತ್ತ ಇದನ್ನ ಹಚ್ಚಿದ್ರ ಎಲ್ಲಾ ಮೊದಲಿಂದ ಶುರು.”

“ಆಮ್ಯಾಲ ಬಣ್ಣ?”

“ನಿಮ್ಮ ಬಣ್ಣ ನಿಮಗ ತಿರುಗಿ ಬರತದ.”

ಡಾಕ್ಟರು ಸಮಾಧಾನಕ್ಕೆಂದೇ ಹೇಳಿದ ಮಾತು. ಸುಧಾರಾಣಿ ಹೆದರಿದ್ದು ಅದಕ್ಕೇ.

ಔಷಧದ ಚೀಟಿಯ ಹಿಂದೆ ಡಾಕ್ಟರು ರಾತ್ರಿಯ ಕ್ರಮ ಬರೆದುಕೊಟ್ಟರು. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ತಿಕ್ಕದೆ ಬಟ್ಟೆಯಿಂದ ಒತ್ತಿ ಒರೆಸುವುದು, ನೀರಾರುವ ಮೊದಲೇ ವಾಸನೆಯಿಲ್ಲದ ಕ್ರೀಮು. ಅದಾದ ಮೇಲೆ ಮಲಗುವತನಕ ಒಂದು ತಾಸು ಒಲೆಯ ಮುಂದೆ ಹೋಗಬಾರದು. ಅರಿಷಿಣ, ನಿಂಬೆಹಣ್ಣು ಏನೂ ಕೂಡದು.

“ಆ ಒಂದ ತಾಸು ಏನ ಮಾಡ್ಲಿರಿ?”

“ಕಾಲು ಬೆಚ್ಚಗಿನ ನೀರಾಗ ಇಟ್ಟು ಸುಮ್ಮನ ಕೂಡ್ರಿ. ಫೋನ ಬ್ಯಾಡ. ನಿಮ್ಮ ನಿದ್ದಿ ಸುದ್ಧ ಇಲ್ಲ ಅಂತ ಕಣ್ಣ ಹೇಳತಾವ. ಹತ್ತರೊಳಗ ಮಲಗ್ರಿ. ನಿದ್ದಿ ಇಲ್ಲದ ತೊಗಲು ಮಾಯೂದಿಲ್ಲ.”

ಸುಧಾರಾಣಿ ಮನೆಗೆ ಬಂದು, ಮುಖಕ್ಕೆ ಅಲರ್ಜಿ ಆಗಿದೆಯಂತೆ ಎಂದಷ್ಟೇ ಹೇಳಿದಳು.

ಈ ಮನೆಯಲ್ಲಿ ರಾತ್ರಿ ಒಲೆ ಮೂರು ಸಲ ಹೊತ್ತುತ್ತಿತ್ತು. ಏಳೂವರೆಗೆ ಮಾವನ ಊಟ. ಎಂಟಕ್ಕೆ ಪೂಜಾ ಟ್ಯೂಷನ್ನಿನಿಂದ ಬಂದು ಉಣ್ಣುತ್ತಿದ್ದಳು. ಒಂಬತ್ತೂಕಾಲಿಗೆ ಬಸವೇಶ ಅಂಗಡಿ ಮುಚ್ಚಿ ಬಂದಾಗ ಅವನ ತಟ್ಟೆಗೆ ಹಂಚಿನಿಂದಿಳಿದ ರೊಟ್ಟಿಯೇ ಬೀಳಬೇಕು. ಆಮೇಲೆ ಸುಧಾರಾಣಿಯ ಊಟ, ಪಾತ್ರೆ, ಹಾಲಿಗೆ ಹೆಪ್ಪು, ಮರುದಿನದ ಕಾಳು ನೆನೆಹಾಕುವುದು. ಅವಳು ದಿಂಬಿಗೆ ತಲೆಯಿಡುವಾಗ ಹನ್ನೊಂದು.

ಮರುದಿನ ಸಂಜೆ ಅವಳು ಎಲ್ಲರ ರೊಟ್ಟಿಯನ್ನೂ ಒಟ್ಟಿಗೆ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟು, ಎಂಟೂವರೆಗೆ ಒಲೆ ಆರಿಸಿದಳು.

“ಯಾಕವಾ, ಗ್ಯಾಸ ತೀರೇತೇನ?” ಎಂದಳು ವೀರವ್ವ.

“ಇಲ್ರಿ ಅತ್ತಿ. ಡಾಕ್ಟರು ರಾತ್ರಿ ಕಾವಿನ ಮುಂದ ಕೂಡಬ್ಯಾಡ ಅಂದಾರ.”

“ಹಂಗಾದ್ರ ಬಸವೇಶ ತಣ್ಣನ್ನ ರೊಟ್ಟಿ ತಿಂತಾನ?”

“ಬಟ್ಟ್ಯಾಗ ಬೆಚ್ಚಗ ಇರತಾವ್ರಿ.”

ಬಸವೇಶ ಬಂದು ತಟ್ಟೆಯ ಮುಂದೆ ಕುಳಿತು ರೊಟ್ಟಿ ಮುಟ್ಟಿ ನೋಡಿದ. ಝುಣಕ ಹಚ್ಚಿ ಎರಡು ತುತ್ತು ತಿಂದ. ಮೂರನೆಯದು ಕೈಯಲ್ಲೇ ಉಳಿಯಿತು.

“ಅವ್ವಾ, ಈಕಿ ಎಲ್ಲಿ?”

“ಹಿತ್ತಲದಾಗ ಕುಂತಾಳ. ಬಕೀಟನ್ಯಾಗ ಕಾಲ ಇಟಗೊಂಡು.”

“ಕಾಲಿಗೂ ಅಲರ್ಜಿ ಐತೇನ?”

ಹಿತ್ತಲ ಮೆಟ್ಟಿಲ ಮೇಲಿದ್ದ ಸುಧಾರಾಣಿಗೆ ಇದೆಲ್ಲ ಕೇಳುತ್ತಿತ್ತು. ಸುಮ್ಮನೆ ಕೂಡಲು ಅವಳಿಗೆ ಬರುತ್ತಿರಲಿಲ್ಲ. ಕುಳಿತ ಹತ್ತೇ ನಿಮಿಷಕ್ಕೆ ಎದ್ದು ಮೊರದಲ್ಲಿ ತೊಗರಿಬೇಳೆ ತಂದು, ಅರೆಬೆಳಕಿನಲ್ಲೇ ಹರಳು ಆರಿಸತೊಡಗಿದ್ದಳು. ಒಳಗೆ ತೊಳೆಯದ ಪಾತ್ರೆಗಳು ಕರೆಯುತ್ತಿದ್ದವು. ಕಡೆಗೆ ಒಂಬತ್ತೂವರೆಗೆ ಎದ್ದು, ಹಚ್ಚಿದ ಕ್ರೀಮು ಹೋಗದಿರಲೆಂದು ಮುಖ ಹಿಂದಕ್ಕೆ ಹಿಡಿದುಕೊಂಡೇ ಎಲ್ಲವನ್ನೂ ತೊಳೆದಳು.

ಒಂಬತ್ತನೆಯ ದಿನಕ್ಕೆ ಮುಖ ಕೆಟ್ಟಿತು. ಬೆಳಗಾಗುವುದರೊಳಗೆ ಗಲ್ಲ ಎರಡೂ ಬಾತು, ಬಾಯಿಯ ಸುತ್ತ ಕೀವಿನ ಗುಳ್ಳೆಗಳೆದ್ದಿದ್ದವು. ನಕ್ಕರೆ ಚರ್ಮ ಬಿರಿದಂತಾಗುತ್ತಿತ್ತು. ಮೆಣಸಿನಕಾಯಿ ಒಗ್ಗರಣೆಯ ಹೊಗೆ ತಾಗಿದರೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಆ ನೀರು ಹರಿದಲ್ಲೆಲ್ಲ ಉರಿ.

ವೀರವ್ವ ಬಟ್ಟಲಿನಲ್ಲಿ ಅರಿಷಿಣ ಕಲಸಿ ತಂದಳು. “ಬಾ ಇಲ್ಲೆ. ನಾಕ ದಿನ ಇದನ್ನ ಹಚ್ಚಿದ್ರ ಆ ಡಾಕ್ಟರೂ ಬ್ಯಾಡ, ಬಕೀಟೂ ಬ್ಯಾಡ.”

“ಬ್ಯಾಡ್ರಿ ಅತ್ತಿ. ಹಚ್ಚಬಾರದಂದಾರ.”

“ಅರಿಷಿಣ ಹಚ್ಚಬಾರದು? ಯಾವ ಊರ ಡಾಕ್ಟರು ಅಕಿ? ನಮ್ಮ ಬಾಣಂತನ ಎಲ್ಲಾ ಇದರಾಗ ಆಗ್ಯಾವು.”

“ನಂದ ಬ್ಯಾರೆ ಐತ್ರಿ.”

“ಏನ ಬ್ಯಾರೆ? ಹೇಳಬಾರದಂತಾದ್ದು ಏನೈತಿ?”

ಸುಧಾರಾಣಿ ಕಾಳಿನ ಡಬ್ಬಿ ತೆಗೆಯಲು ತಿರುಗಿದಳು. ವೀರವ್ವ ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿ ಹೋದಳು. ಅಂದಿನಿಂದ ಮನೆಯಲ್ಲಿ ಮಾತು ವಾರೆಯಾಯಿತು. ಎಂಟೂವರೆ ಆಗುತ್ತಲೇ ವೀರವ್ವ ಗೋಡೆಗೆ ಹೇಳಿದಂತೆ, “ಆತು, ಸೊಸಿ ಡ್ಯೂಟಿ ಮುಗೀತು” ಎನ್ನುತ್ತಿದ್ದಳು. ಪೂಜಾ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಓದುತ್ತ ಕೂಡುತ್ತಿದ್ದಳು. ಸಿಂಕಿನಲ್ಲಿ ಪಾತ್ರೆ ಬೆಳಗಿನವರೆಗೆ ಬಿದ್ದಿರುತ್ತಿದ್ದವು. ಐದಕ್ಕೇ ಎದ್ದು ಸುಧಾರಾಣಿ ಒಣಗಿದ ಅನ್ನವನ್ನು ಕೆರೆಯುತ್ತಿದ್ದಳು.

ಒಂದು ರಾತ್ರಿ ಬಸವೇಶ ತಟ್ಟೆ ಸರಿಸಿದ. “ಹಗಲೆಲ್ಲಾ ದುಡದು ಬಂದು ಒಂದ ಬಿಸಿ ರೊಟ್ಟಿ ಕೇಳೂದು ಹೆಚ್ಚಿಂದೇನ?”

“ಎಂಟೂವರಿಗೆ ಬರ್ರಿ. ಬಿಸೀವ ಸಿಗತಾವು.”

“ಗಿರಾಕಿ ಬಿಟ್ಟ ಬರಬೇಕೇನ?”

“ಎಂಟರ ಮ್ಯಾಲ ಗಿರಾಕಿ ಯಾರ ಬರತಾರ್ರಿ? ಹೊಳಬಸಪ್ಪನ ಜೋಡಿ ಕುಂತ ಮಾತಾಡೂದು ನನಗ ಗೊತ್ತಿಲ್ಲೇನ?”

ಹೊಳಬಸಪ್ಪನದು ಪಕ್ಕದ ಸಿಮೆಂಟ್ ಅಂಗಡಿ. ಬಸವೇಶನಿಗೆ ಹೆಂಡತಿ ಇಷ್ಟು ನೇರ ಮಾತಾಡಿದ್ದು ಹೊಸದು. ಏನೋ ಹೇಳಲು ತಲೆ ಎತ್ತಿದವನು ಅವಳ ಮುಖ ನೋಡಿದ. ದೀಪದ ಕೆಳಗೆ ಅದು ಬೆಂದ ಬದನೆಕಾಯಿಯಂತಿತ್ತು. ಅವನು ತಟ್ಟೆಯನ್ನು ಮತ್ತೆ ಎಳೆದುಕೊಂಡು ಉಂಡ.

ಪಡಸಾಲೆಯಿಂದ ಚನ್ನವೀರಪ್ಪ ಕೂಗಿದ. “ಬಸವೇಶಾ, ಕಟಕ್ ರೊಟ್ಟಿ ಮಾಡಿಸಿ ಡಬ್ಬಿ ತುಂಬಿಡು. ಹೊಲಕ್ಕ ಹೋದಾಗ ನಾ ತಿಂಗಳಗಟ್ಟಲೆ ಅದನ್ನ ತಿಂದೇನಿ. ಮಾತ ಬೆಳಸಬ್ಯಾಡ.”

ಅಂದಿನಿಂದ ಬಸವೇಶನ ರಾತ್ರಿ ಊಟ ಒಣ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಕೆಲವು ದಿನ ಗೊಣಗಿದ, ಆಮೇಲೆ ಗೊಣಗುವುದನ್ನು ಮರೆತ. ಸುಧಾರಾಣಿ ಮಾತ್ರ ಕಾಲು ನೀರಿನಲ್ಲಿಟ್ಟುಕೊಂಡು ಎಣಿಸುತ್ತಿದ್ದಳು: ಇಪ್ಪತ್ತೆರಡು ದಿನ ಆಯಿತು, ಇಪ್ಪತ್ಮೂರು. ನಿದ್ದೆ ಸ್ವಲ್ಪ ಬರತೊಡಗಿತ್ತು. ಬಾವು ಇಳಿದಿತ್ತು. ಆದರೆ ಇಳಿದ ಬಾವಿನ ಕೆಳಗಿಂದ ಮೇಲೆದ್ದು ಬಂದದ್ದು ಹನ್ನೊಂದು ವರ್ಷದ ಹಿಂದಿನ ಬಣ್ಣ, ಅಲ್ಲಲ್ಲಿ ಇನ್ನೂ ಕಪ್ಪಾದ ಕಲೆಗಳ ಜೊತೆ.

ಅಷ್ಟರಲ್ಲಿ ಸವಣೂರಿನಿಂದ ನೀಲಾ ಫೋನು ಮಾಡಿದಳು. ನೀಲಾ ಬಸವೇಶನ ತಂಗಿ. ಅವಳ ಮಗಳ ಚೊಚ್ಚಲ ಕುಬಸ, ಇನ್ನು ಹದಿನೈದು ದಿನಕ್ಕೆ. ಏಳನೆಯ ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಮಡಿಲು ತುಂಬುವ ದಿನ, ಸೋದರಮಾವನ ಮನೆಯವರು ಇಲ್ಲದೆ ಆಗುವಂತಿಲ್ಲ.

ವೀರವ್ವ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಸೊಪ್ಪು ಬಿಡಿಸುತ್ತಿದ್ದ ಸೊಸೆಯ ಎದುರು ಬಂದು ಕುಳಿತಳು.

“ಸುಧಾ, ಕುಬಸಕ್ಕ ನಾನೂ ಪೂಜಾನೂ ಬಸವೇಶನ ಜೋಡಿ ಹೋಗಿ ಬರತೇವಿ. ನೀ ಮನ್ಯಾಗ ಇದ್ದಬಿಡು.”

“ಯಾಕ್ರಿ?”

“ಮುಖ ಹಿಂಗ ಇಟಗೊಂಡ… ನಾಕ ಮಂದಿ ಕೇಳತಾರ. ಬಸರಿ ಹೆಂಗಸಿನ ಮುಂದ ಚಲೋ ಅಲ್ಲ. ನಿನಗ ತ್ರಾಸ ಆಗಬಾರದಂತ ಹೇಳಾಕತ್ತೇನಿ.”

ಸುಧಾರಾಣಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸಂಜೆ, ಕೊತ್ತಂಬರಿ ತರುತ್ತೇನೆಂದು ಹೇಳಿ ಹೊರಗೆ ಬಿದ್ದವಳು ನೇರ ಹೋದದ್ದು ಕರಿಬಸಪ್ಪನ ಔಷಧದ ಅಂಗಡಿಗೆ. ಹನ್ನೆರಡು ದಿನ ಹಚ್ಚಿದರೆ ಸಾಕು, ಕುಬಸ ಮುಗಿದ ಮೇಲೆ ಮತ್ತೆ ಬಿಟ್ಟರಾಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, “ಆ ಟ್ಯೂಬ ಒಂದ ಕೊಡ್ರಿ” ಎಂದಳು.

ಕರಿಬಸಪ್ಪ ಡ್ರಾಯರ್ ಎಳೆಯುತ್ತ ನಕ್ಕ. “ಮೊನ್ನೆ ಸೋಮವಾರ ನಿಮ್ಮ ಮಗಳು ಒಯ್ದಳಲ್ರಿ, ಅವ್ವಗ ಬೇಕಂತ. ಆಗ್ಲೇ ತೀರೇತೇನ?”

“ಸೋಮವಾರ?”

“ಹೂಂನ್ರಿ. ಅದಕ್ಕೂ ಮೊದಲ ಸಂಕ್ರಾಂತಿ ಹಿಂದ ಮುಂದ ಒಂದ ಒಯ್ದಿದ್ದಳು.”

ಅವನು ಟ್ಯೂಬನ್ನು ಗಾಜಿನ ಮೇಲಿಟ್ಟ. ಸುಧಾರಾಣಿ ಅದನ್ನು ಮುಟ್ಟಲಿಲ್ಲ.

“ಬ್ಯಾಡ್ರಿ” ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. “ಇನ್ನ ನಮ್ಮ ಮನಿಯವ್ರು ಯಾರ ಬಂದ್ರೂ ಕೊಡಬ್ಯಾಡ್ರಿ. ಡಾಕ್ಟರ ಚೀಟಿ ಇಲ್ಲದ ಇದನ್ನ ಯಾರಿಗೂ ಕೊಡಬಾರದಂತ ಗೊತ್ತಿಲ್ಲೇನ್ರಿ ನಿಮಗ?”

ಕರಿಬಸಪ್ಪ ಟ್ಯೂಬನ್ನು ಡ್ರಾಯರಿಗೆ ಹಾಕಿದ. “ಮಂದಿ ಕೇಳತಾರ, ಕೊಡತೇವ್ರಿ” ಎಂದ, ಅವಳ ಕಡೆ ನೋಡದೆ.

ಆ ರಾತ್ರಿ ಒಲೆ ಆರಿಸಿ ಹಿತ್ತಲಿಗೆ ಹೋಗುವಾಗ ಅವಳು ಪೂಜಾಳ ಕಿವಿಯಿಂದ ಹೆಡ್‌ಫೋನು ತೆಗೆದಳು.

“ಬಾ. ನೀನೂ ಮುಖ ತೊಳಕೊ.”

“ನಾ ಆಮ್ಯಾಲ ತೊಳಕೋತೇನಿ.”

“ಈಗ ಬಾ.”

ಎರಡು ಬಕೆಟ್ಟು, ಎರಡು ಟವೆಲು. ಬಚ್ಚಲಿನ ಬೆಳಕಿನಲ್ಲಿ ಮಗಳ ಒದ್ದೆ ಮುಖ ನೋಡಿದಾಗ ಸುಧಾರಾಣಿಗೆ ಇಷ್ಟು ದಿನ ತನ್ನ ಮುಖವೊಂದನ್ನೇ ನೋಡುತ್ತ ಕುಳಿತದ್ದು ತಿಳಿಯಿತು. ಮೂಗಿನ ಇಕ್ಕೆಲ ನಸುಗೆಂಪು, ಗಲ್ಲದ ಮೇಲೆ ತೆಳು ಹೊಳಪು. ಆ ಗುರುತು ಬಲ್ಲವರಿಗೆ ಮಾತ್ರ ಕಾಣುವಂತಹದ್ದು.

ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಕಾಲು ನೀರಿನಲ್ಲಿಟ್ಟರು.

“ಎಷ್ಟ ದಿನದಿಂದ ಹಚ್ಚಾಕತ್ತೀ?”

ಪೂಜಾ ನೀರಿನಲ್ಲಿ ಬೆರಳಾಡಿಸಿದಳು. “ಏನು?”

“ಕರಿಬಸಪ್ಪ ಹೇಳಿದ.”

“ನೀ ಯಾಕ ಹೋಗಿದ್ದಿ ಅಲ್ಲಿಗೆ?”

ಈ ಪ್ರಶ್ನೆ ಬರುತ್ತದೆಂದು ಸುಧಾರಾಣಿ ಎಣಿಸಿರಲಿಲ್ಲ. “ತರಾಕ ಹೋಗಿದ್ದೆ” ಎಂದಳು. “ನನಗ ತಡೀಲಿಲ್ಲ.”

ಪೂಜಾ ಕಾಲನ್ನು ನೀರಿನಿಂದ ಅರ್ಧ ಎತ್ತಿದಳು. “ದೀಪಾವಳಿಯಿಂದ. ಮೊದಲ ನಿನ್ನ ಟ್ಯೂಬಿಂದ ಚೂರ ಚೂರ ತಗೋತಿದ್ದೆ. ಕಪಾಟಿನ್ಯಾಗ ಸೀರಿ ಕೆಳಗ ಇರತಿತ್ತಲ್ಲ.”

“ಯಾಕ ಪೂಜಾ? ನಿನ್ನ ಬಣ್ಣಕ್ಕೇನಾಗೇತಿ?”

“ಅಜ್ಜಿ ಎಲ್ಲಾರ ಮುಂದ ಅಂತಾಳ, ಹುಡಿಗಿ ಎಲ್ಲಾ ಅವ್ವನಂಗ ಐತಿ, ಬಣ್ಣೊಂದ ಅವ್ವಂದ ಬರಲಿಲ್ಲ ಅಂತ. ನಿನ್ನ ಬಣ್ಣ ಎಲ್ಲಿಂದ ಬಂದಿತ್ತಂತ ನನಗ ಗೊತ್ತಿತ್ತು. ಹಂಗಾರ ನಾನೂ ಹಚಗೊಂಡ್ರ ನನಗೂ ಅವ್ವನ ಬಣ್ಣ ಬರತೈತಿ ಅಂದಕೊಂಡೆ.”

ಹಿತ್ತಲ ಗೋಡೆಯಾಚೆ ದಿಲ್ಶಾದಳ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸುಧಾರಾಣಿಗೆ ಅಳು ಬಂತು, ಆದರೆ ಅತ್ತರೆ ಮುಖ ಉರಿಯುತ್ತದೆಂದು ತಡೆದುಕೊಂಡಳು.

“ನನ್ನ ಮುಖ ನೋಡಿನೂ ಬಿಡಲಿಲ್ಲಲ್ಲ.”

“ನೀ ಅಲರ್ಜಿ ಅಂದಿ. ಕ್ರೀಮಿನಿಂದ ಆತಂತ ಎಂದಾದ್ರೂ ಹೇಳಿದೇನು?” ಎಂದಳು ಮಗಳು. ದನಿಯಲ್ಲಿ ಸಿಟ್ಟಿತ್ತು. “ಈಗ ಬಿಟ್ಟ್ರ ನನಗೂ ಹಂಗ ಆಕೈತೇನ? ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷಾ ಐತಿ. ನಾ ಹೆಂಗ ಹೋಗಲಿ?”

“ನಾಳೆ ಹಾನಗಲ್ಲಿಗೆ ಹೋಗೂಣು. ನಿಂದ ಮೂರ ನಾಕ ತಿಂಗಳಷ್ಟ ಆಗೇತಿ. ಡಾಕ್ಟರು ಏನಂತಾರ ಕೇಳೂಣು.”

“ಅಜ್ಜಿಗೆ ಏನ ಹೇಳ್ತಿ?”

ಸುಧಾರಾಣಿ ಕಾಲು ಮೇಲೆತ್ತಿ ಟವೆಲಿನಿಂದ ಒರೆಸಿಕೊಂಡಳು. “ಇದ್ದದ್ದು” ಎಂದಳು.

ಮರುದಿನ ಹಾನಗಲ್ಲಿಗೆ ಹೋಗಿ ಬಂದ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಿದ್ದರು. ಬಸವೇಶನನ್ನು ಅವಳೇ ಫೋನು ಮಾಡಿ ಎಂಟಕ್ಕೆ ಕರೆಸಿದ್ದಳು. ಪುಂಡಿಪಲ್ಲೆ ಬಡಿಸಿ, ಬಡಿಸಿದ ಸೌಟು ಪಾತ್ರೆಯಲ್ಲಿಟ್ಟು, ನಿಂತುಕೊಂಡೇ ಹೇಳಿದಳು. ಅಲರ್ಜಿಯಲ್ಲ, ಹನ್ನೊಂದು ವರ್ಷ ಬಣ್ಣಕ್ಕೆಂದು ಹಚ್ಚಿದ ಕ್ರೀಮು. ಈಗ ಮಗಳೂ ಹಚ್ಚಿಕೊಂಡಿದ್ದಾಳೆ. ಶಿಗ್ಗಾಂವಿಯ ಮದುವೆಯ ಮಾತನ್ನೂ ಹೇಳಿದಳು.

ಬಸವೇಶನ ಕೈ ತಟ್ಟೆಯಲ್ಲೇ ನಿಂತಿತು. “ಹನ್ನೊಂದ ವರ್ಷ ನನಗೂ ಹೇಳಲಿಲ್ಲ?”

“ನೀವೂ ಬಣ್ಣ ಎಲ್ಲಿಂದ ಬಂತಂತ ಕೇಳಲಿಲ್ರಿ.”

ವೀರವ್ವನ ಮುಖ ಬಿಗಿಯಿತು. “ಯಾವಕ್ಯೋ ಮುದಿಕಿ ಅಂದ ಮಾತಿಗೆ ನೀ ವಿಷ ಹಚಗೊಂಡ್ರ ಅದು ನನ್ನ ತಪ್ಪಾತೇನವಾ? ನಾ ಏನರ ಅಂದೆನೇನು?”

“ನೀವೇನೂ ಅನ್ಲಿಲ್ರಿ ಅತ್ತಿ. ಸುಮ್ಮನ ಕುಂತ್ರಿ.”

ಚನ್ನವೀರಪ್ಪ ಮಜ್ಜಿಗೆಯ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ.

“ಮತ್ತ ಪೂಜಾಗ ಅಂದ್ರಿ” ಎಂದಳು ಸುಧಾರಾಣಿ, ದನಿ ಏರಿಸದೆ. “ಅವ್ವನ ಬಣ್ಣ ಬರಲಿಲ್ಲಂತ. ಅವ್ವನ ಬಣ್ಣ ಇದರೀ. ಈಗ ಕಾಣತೈತಲ್ಲ, ಇದ. ಆಕೀಗೆ ಬಂದದ್ದು ಇದ.”

ವೀರವ್ವ ಅರ್ಧ ಊಟಕ್ಕೆ ಎದ್ದು ಕೈ ತೊಳೆದಳು.

ಒಂದು ವಾರ ಅವಳು ಸೊಸೆಯ ಜೊತೆ ಮಾತಾಡಲಿಲ್ಲ. ಪೂಜಾ ತಲೆ ಬಾಚಿಸಿಕೊಳ್ಳಲು ಹೋದರೆ ಬಾಚಿದಳು, ಮಾತಿಲ್ಲದೆ. ಬಸವೇಶ ತಾಯಿಯ ಕಡೆಗೋ ಹೆಂಡತಿಯ ಕಡೆಗೋ ತಿಳಿಯದೆ ಅಂಗಡಿಯಿಂದ ಬೇಗ ಬಂದು, ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟು ಪಡಸಾಲೆಯಲ್ಲಿ ಕೂಡುತ್ತಿದ್ದ. ಕ್ರೀಮು ಬಿಟ್ಟ ಪೂಜಾಳ ಮುಖವೂ ಕೆಂಪೇರಿತು, ತಾಯಿಯಷ್ಟಲ್ಲ. ಪರೀಕ್ಷೆಗೆ ಹಾಗೇ ಹೋದಳು. ಮೊದಲ ದಿನ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಎರಡನೆಯ ದಿನ ಬಂದು ಊಟ ಕೇಳಿದಳು.

ಎಂಟನೆಯ ರಾತ್ರಿ ಸುಧಾರಾಣಿ ಮರುದಿನ ಬೆಳಗಿನ ಪಲ್ಲೆಗೆ ಬದನೆಕಾಯಿ ಸುಡುತ್ತ ಹೊತ್ತು ಮರೆತಿದ್ದಳು. ವೀರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು.

“ಏಳವಾ. ಎಂಟೂವರಿ ಆಗೇತಿ.”

“ಇದೊಂದ ಆಗಲ್ರಿ.”

“ನಾ ನೋಡಕೋತೇನಿ. ನನ್ನ ಮುಖಕ್ಕೇನ ಆಗಬೇಕಾಗೇತಿ. ಹಾಲಿಗೆ ಹೆಪ್ಪ ಹಾಕೂದೂ ನಂದ. ನೀ ಹಾಕಿದ್ದು ಹುಳೀ ಆಕೈತಿ.”

ಅದು ಕ್ಷಮೆಯಲ್ಲ. ಹುಳಿಯಾಗುತ್ತದೆಂಬುದೂ ನಿಜವಲ್ಲ. ಸುಧಾರಾಣಿ ಇಕ್ಕಳವನ್ನು ಅತ್ತೆಯ ಕೈಗೆ ಕೊಟ್ಟು ಎದ್ದಳು. ಆ ರಾತ್ರಿ ಮೊದಲ ಬಾರಿಗೆ ಅವಳು ಮೆಟ್ಟಿಲ ಮೇಲೆ ಬೇಳೆ, ಕಾಳು ಏನೂ ಇಲ್ಲದೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಪಕ್ಕದಲ್ಲಿ ಪೂಜಾ ಪರೀಕ್ಷೆಯಲ್ಲಿ ಗೆಳತಿಯ ಗಾಜಿನ ನಳಿಗೆ ಒಡೆದ ಕತೆ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಸುಧಾರಾಣಿ ತೂಕಡಿಸಿದಳು.

ಕುಬಸಕ್ಕೆ ಯಾರು ಹೋಗುವುದೆಂದು ಮತ್ತೆ ಮಾತೇ ಆಗಲಿಲ್ಲ. ಆ ದಿನ ಬೆಳಿಗ್ಗೆ ಸುಧಾರಾಣಿ ಸೀರೆ ಉಟ್ಟು ಹೊರಗೆ ಬಂದಳು. ವೀರವ್ವ ಒಮ್ಮೆ ನೋಡಿ, “ಸಂಜೀಕ ಥಂಡಿ ಇರತೈತಿ, ಶಾಲ ತಗೊ” ಎಂದು ಕಾರು ಹತ್ತಿದಳು.

ಸವಣೂರಿನ ನೀಲಾಳ ಮನೆ ತುಂಬಿತ್ತು. ಅತ್ತೆ, ಮಾವ, ಇಬ್ಬರು ಮೈದುನರು, ಅವರ ಮಕ್ಕಳು ಎಲ್ಲರೂ ಕೂಡಿ ಇರುವ ಮನೆ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಹಸಿರು ಬಳೆ ತೊಡಿಸುತ್ತಿದ್ದರು. ಸುಧಾರಾಣಿ ಒಳಗೆ ಬಂದಾಗ ಎರಡು ಮೂರು ತಲೆಗಳು ಒಟ್ಟಿಗೆ ತಿರುಗಿದವು. ಮಡಿಲು ತುಂಬಿ ಕೆಳಗೆ ಕುಳಿತ ಮೇಲೆ ಪಕ್ಕದ ಹೆಂಗಸು ತಡೆಯಲಾರದೆ ಕೇಳಿಯೇಬಿಟ್ಟಳು.

“ಮುಖಕ್ಕ ಏನಾತ್ರಿ?”

“ಬೆಳ್ಳಗ ಆಗಲಂತ ಕ್ರೀಮ ಹಚ್ಚಿದ್ದೆ. ಅದು ಕೆಡಿಸ್ತು. ಈಗ ಬಿಟ್ಟೇನಿ.”

ಹೇಳಿದ ಮೇಲೆ ನೋಡಿದರೆ, ಆ ಹೆಂಗಸಿಗೆ ಮುಂದೆ ಕೇಳಲು ಏನೂ ಉಳಿದಿರಲಿಲ್ಲ. “ಹೌದೇನ್ರಿ” ಎಂದು ತನ್ನ ಗಲ್ಲವನ್ನು ತಾನೇ ಒಮ್ಮೆ ಮುಟ್ಟಿಕೊಂಡು ಬಳೆಗಳ ಕಡೆ ತಿರುಗಿದಳು.

ಊಟದ ಪಂಕ್ತಿಗಳು ಮುಗಿಯುವಾಗ ಸಂಜೆಯಾಯಿತು. ನೀಲಾ ಸುಧಾರಾಣಿಯ ಮುಂಗೈ ಹಿಡಿದು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದಳು. ವೀರವ್ವ ಅಲ್ಲೇ ಚೀಲಗಳ ನಡುವೆ ಮಣೆ ಹಾಕಿಕೊಂಡು ಉಳಿದ ಹೋಳಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ನೀಲಾ ತಾಯಿಯನ್ನು ನೋಡಿ ಒಂದು ಗಳಿಗೆ ತಡೆದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

“ವೈನಿ, ಬಿಟ್ಟ ಮ್ಯಾಲ ಎಷ್ಟ ದಿನ ಉರೀತು?”

ಸುಧಾರಾಣಿ ಅವಳ ಮುಖ ನೋಡಿದಳು. ನೀಲಾ ಹುಟ್ಟಾ ಬಿಳಿ ಬಣ್ಣದವಳು, ವೀರವ್ವನ ಹೆಮ್ಮೆಯ ಮಗಳು. ದಪ್ಪಗೆ ಹಚ್ಚಿದ ಪೌಡರಿನ ಅಡಿಯಲ್ಲಿ ಗಲ್ಲದ ಸಣ್ಣ ನರಗಳು ಕೆಂಪು ದಾರದಂತೆ ಕಾಣುತ್ತಿದ್ದವು.

“ನಿಮಗ್ಯಾಕ ಬೇಕಾತು? ನೀವು ಮೊದಲಿಂದ ಬೆಳ್ಳಗಿದ್ದಿರಿ.”

“ಐದಾರ ವರ್ಷದ ಹಿಂದ ಬಂಗು ಬಂದಿತ್ತು, ಮೂಗಿನ ಮ್ಯಾಲ ಕಪ್ಪ ಕಲಿ. ಇವರ ಮನ್ಯಾಗ ಆಡಕೊಳ್ಳಾಕತ್ತರು. ಅದಕ್ಕ ಶುರು ಮಾಡಿದೆ. ಈಗ ಬಿಡಾಕ ಹೆದರಿಕಿ.”

ವೀರವ್ವನ ಕೈಯಲ್ಲಿ ಹೋಳಿಗೆ ಹಾಗೇ ಇತ್ತು.

“ನಂದ ನಲವತ್ತ ದಿನ ಆಗಾಕ ಬಂತು. ಈಗ ಬಿಸಲಾಗ ಹೋದ್ರಷ್ಟ ಉರೀತೈತಿ” ಎಂದಳು ಸುಧಾರಾಣಿ. “ಉರಿ ತಡಕೋಬಹುದು, ಗುಳಿಗಿ ಕೊಡತಾರ. ಹಾನಗಲ್ಲಿಗೆ ನಾನ ಕರಕೊಂಡ ಹೋಗತೇನಿ. ಆದರ ರಾತ್ರಿ ಮುಖ ತೊಳದ ಮ್ಯಾಲ ಒಂದ ತಾಸ ಒಲಿ ಮುಂದ ಕೂಡಬಾರದು. ಬ್ಯಾರೆ ಏನೂ ಮಾಡದ ಸುಮ್ಮನ ಕುಂತು, ಹತ್ತರೊಳಗ ಮಲಗಬೇಕು.”

ಬಾಗಿಲಾಚೆ ಅಡುಗೆಮನೆಯಲ್ಲಿ ಯಾರೋ ನೀಲಾಳನ್ನು ಕೂಗಿದರು, ಹತ್ತು ಮಂದಿಗೆ ಚಹಾ ಬೇಕು ಎಂದು. ಅವಳು “ಬಂದೆ” ಎಂದು ಉತ್ತರ ಕೊಟ್ಟು, ನಗಲು ನೋಡಿದಳು.

“ಈ ಮನ್ಯಾಗ ಒಂದ ತಾಸ ಎಲ್ಲಿಂದ ತರಲಿ ವೈನಿ? ಯಾರ ಕೊಡತಾರ?”

ವೀರವ್ವ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಮಗಳ ಕಡೆಗಾಗಲಿ ಸೊಸೆಯ ಕಡೆಗಾಗಲಿ ನೋಡಲಿಲ್ಲ.

“ಕೇಳಬೇಕವಾ” ಎಂದಳು. “ಈಕಿಗೆ ನಾನೂ ನಾನಾಗಿ ಕೊಡಲಿಲ್ಲ.”